ಗಿಡಮೂಲಿಕೆಯೆಂದರೆ ಅಪಾಯವೇ ಇಲ್ಲವೇ?

ನಮ್ಮ ಸಮಾಜದ ಮನೆಗಳಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ ಬಂದರೆ ಸಾಕು, ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮೊಮ್ಮಗುವಿನವರೆಗೆ ಎಲ್ಲರೂ ಅದನ್ನು ತಿರುಗಿಸಿ ನೋಡುತ್ತಾರೆ. ಹಸಿರು ಚುಕ್ಕೆ ಇದೆಯೇ? ಮೊಟ್ಟೆ ಬೆರೆಸಿಲ್ಲವಷ್ಟೇ? ಬೆಳ್ಳುಳ್ಳಿ ಪುಡಿ, ಜೇನುತುಪ್ಪ ಏನಾದರೂ ಉಂಟೇ? ಕ್ಯಾಪ್ಸೂಲಿನ ಹೊರಕವಚ ಜೆಲಟಿನ್ನಿನದೇ ಎಂದು ಔಷಧಿ ಅಂಗಡಿಯವರನ್ನು ಕೇಳಿ ಕೇಳಿ ಬೇಸರಪಡಿಸುವವರೂ ನಮ್ಮವರೇ. ವ್ರತ ಕೆಡಬಾರದೆಂಬ ಈ ಎಚ್ಚರ ದೊಡ್ಡದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆದರೆ ಅದೇ ಮನೆಯ ಅಲಮಾರಿನಲ್ಲಿ ಹತ್ತು ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಒಂದು ಶಕ್ತಿಗೆ, ಒಂದು ಮಂಡಿನೋವಿಗೆ, ಒಂದು ಸಕ್ಕರೆ ಕಾಯಿಲೆಗೆ, ಒಂದು ತೂಕ ಇಳಿಸಲು. ಹಸಿರು ಚುಕ್ಕೆ ಇದೆ, ‘ಸಂಪೂರ್ಣ ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂದು ಬರೆದಿದೆ. ಅಲ್ಲಿಗೆ ನಮ್ಮ ಪರೀಕ್ಷೆ ಮುಗಿಯಿತು. ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ದಿನ, ಯಾರು ಮುಟ್ಟಬಾರದು ಎಂಬುದನ್ನು ಯಾರೂ ಓದುವುದಿಲ್ಲ. ನಾವೂ ಓದಲಿಲ್ಲ. ಓದದವರಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನಾವು ಅದನ್ನು ಮಾರಿದವರು, ಪುಣ್ಯವೆಂದು ಹಂಚಿದವರು. ಆದ್ದರಿಂದ ಬರೆಯಬೇಕಾಗಿದೆ.

ನಮ್ಮದು ತಳಿಯಲ್ಲಿ ಗ್ರಂಧಿಗೆ ಅಂಗಡಿ. ಹೊಸೂರಿನಿಂದ ದಕ್ಷಿಣಕ್ಕೆ ಬಂದರೆ ಸಿಗುವ ತಂಪು ಊರು. ಜಿಲ್ಲೆಯ ಹೆಸರು ಸೇಲಂ ಇದ್ದದ್ದು 1965ರಲ್ಲಿ ಧರ್ಮಪುರಿಯಾಗಿ, 2004ರಲ್ಲಿ ಕೃಷ್ಣಗಿರಿಯಾಯಿತು. ಊರಿನ ಮಾತು ಮಾತ್ರ ಹಾಗೆಯೇ ಉಳಿದಿದೆ. ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ, ಮತ್ತೊಬ್ಬರು ತಮಿಳಿನಲ್ಲಿ. ಮೆಟ್ರಿಕ್ ಮುಗಿಸಿ ತಂದೆಯವರ ಪಕ್ಕದಲ್ಲಿ ಕುಳಿತ ನಾವು ಮೂರು ಭಾಷೆಯಲ್ಲೂ ಬೇರು, ತೊಗಟೆ, ಕಾಯಿಗಳ ಹೆಸರು ಕಲಿತೆವು. ಓದಿದ್ದು ಕಡಿಮೆ, ತೂಗಿದ್ದು ಹೆಚ್ಚು.

ತಂದೆಯವರ ಕಾಲದಲ್ಲಿ ಗಿರಾಕಿಗಳು ಕೇಳುತ್ತಿದ್ದ ರೀತಿಯೇ ಬೇರೆ. ‘ಮೂರು ದಿನದ ಕಷಾಯಕ್ಕೆ ಆಗುವಷ್ಟು ಕೊಡಿ’ ಎನ್ನುತ್ತಿದ್ದರು. ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಬೇರು. ಕಹಿಯೋ ಕಹಿ. ನಾಲ್ಕನೆಯ ದಿನ ಯಾರೂ ಕುಡಿಯುತ್ತಿರಲಿಲ್ಲ, ನಾಲಿಗೆಯೇ ಬೇಡವೆನ್ನುತ್ತಿತ್ತು. ಈಗ ಬಂದಿರುವುದು ಅರವತ್ತು ಕ್ಯಾಪ್ಸೂಲಿನ ಡಬ್ಬಿ. ಒಳಗಿರುವುದು ಬರೀ ಪುಡಿಯಲ್ಲ, ಎಷ್ಟೋ ಪಾಲು ಗಿಡವನ್ನು ಬತ್ತಿಸಿ ಹಿಂಡಿದ ಸಾರ. ನಾಲಿಗೆಗೆ ಕಹಿ ತಾಗುವುದಿಲ್ಲ. ತಿಂಗಳುಗಟ್ಟಲೆ ನುಂಗಬಹುದು. ಹೆಸರು ಹಳೆಯದೇ, ವಸ್ತು ಹಳೆಯದಲ್ಲ. ಈ ವ್ಯತ್ಯಾಸ ನಾಲ್ಕು ದಶಕ ವ್ಯಾಪಾರ ಮಾಡಿದ ನಮಗೇ ಹೊಳೆದಿರಲಿಲ್ಲ.

2020ರಲ್ಲಿ ಕೊರೋನ ಬಂತು. ಆ ದಿನಗಳನ್ನು ಯಾರೂ ಮರೆತಿಲ್ಲ. ಅತ್ತಿಬೆಲೆಯ ಗಡಿಯಲ್ಲಿ ತಡೆ, ಅನುಮತಿ ಪತ್ರವಿಲ್ಲದೆ ಆನೇಕಲ್ಲಿನ ನೆಂಟರ ಮನೆಗೂ ಹೋಗುವಂತಿಲ್ಲ. ಜನರಿಗೆ ಭಯ, ಆಸ್ಪತ್ರೆಯವರ ಕೈಯಲ್ಲೂ ಖಚಿತವಾದ ಮದ್ದಿಲ್ಲ. ತಮಿಳುನಾಡು ಸರಕಾರ ಸಿದ್ಧ ವೈದ್ಯದ ಕಬಸುರ ಕುಡಿನೀರನ್ನು ಹಂಚಿತು. ಅದರಲ್ಲಿ ಹದಿನೈದು ಮೂಲಿಕೆಗಳು, ಅವುಗಳಲ್ಲಿ ಸೀಂದಿಲ್ ಒಂದು. ಅದೇ ನಮ್ಮ ಅಮೃತಬಳ್ಳಿ, ತೆಲುಗಿನವರ ತಿಪ್ಪತೀಗ. ಅಮೃತಬಳ್ಳಿಯಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ದೂರದರ್ಶನದಲ್ಲಿ, ಫೋನಿನಲ್ಲಿ, ಬೀದಿಯಲ್ಲಿ ಎಲ್ಲೆಲ್ಲೂ ಅದೇ ಮಾತು. ಕಿಲೋಗಟ್ಟಲೆ ಮಾರಾಟವಾಯಿತು.

ಲಾಭ ಬಂತು. ಸುಳ್ಳು ಹೇಳುವುದಿಲ್ಲ. ಆದರೆ ಕಷ್ಟಕಾಲದ ಲಾಭ ಮನಸ್ಸಿಗೆ ಒಗ್ಗಲಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹಿರಿಯರು ಹೇಳಿದ್ದಾರೆ. ಔಷಧ ದಾನ ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಯಾವುದೆಂದು ಯೋಚಿಸಿ, 2021ರ ಎರಡನೆಯ ಅಲೆಯ ಹೊತ್ತಿಗೆ ಅಮೃತಬಳ್ಳಿಯ ಪುಡಿಯನ್ನು ನೂರು ಗ್ರಾಂ ಪೊಟ್ಟಣ ಮಾಡಿ ಹಂಚಿದೆವು. ಸುಮಾರು ಇನ್ನೂರು ಮನೆ. ತಳಿ, ಕೆಲಮಂಗಲ, ಡೆಂಕಣಿಕೋಟೆಯ ಪರಿಚಿತರು, ಅಂಗಡಿಯ ಹಮಾಲರು, ಹಳೆಯ ಗಿರಾಕಿಗಳು. ‘ದಿನಾ ಎರಡು ಹೊತ್ತು, ಕೊರೋನ ಹೋಗುವವರೆಗೆ’ ಎಂದು ನಮ್ಮ ಬಾಯಿಂದಲೇ ಹೇಳಿದೆವು. ಎಷ್ಟು ದಿನ ಎಂಬ ಲೆಕ್ಕ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ.

ನಮ್ಮ ಮನೆಯವರು ಎಲ್ಲರಿಗಿಂತ ಶ್ರದ್ಧೆಯಿಂದ ಕುಡಿದರು. ಜೇನು ಬಳಸದ ಮನೆ, ಆದ್ದರಿಂದ ಬೆಲ್ಲ ಹಾಕಿ ಬೆಳಿಗ್ಗೆ ಒಂದು ಲೋಟ, ಸೂರ್ಯಾಸ್ತಕ್ಕೆ ಮೊದಲು ಒಂದು ಲೋಟ. ಸಾಲದೆಂದು ಮಗ ತಂದ ಅಮೃತಬಳ್ಳಿಯ ಮಾತ್ರೆ ಬೇರೆ. ಹಿತ್ತಿಲ ಬೇಲಿಯಲ್ಲಿ ಹಬ್ಬಿದ್ದ ಬಳ್ಳಿಯ ತುಂಡನ್ನೂ ಆಗಾಗ ಜಜ್ಜಿ ಹಾಕುತ್ತಿದ್ದರು. ಅವರಿಗೆ ಹತ್ತು ವರ್ಷದಿಂದ ಥೈರಾಯ್ಡ್ ತೊಂದರೆ, ಬೆಳಿಗ್ಗೆ ಒಂದು ಮಾತ್ರೆ. ಬೇರೆ ಕಾಯಿಲೆ ಇಲ್ಲ.

ಎರಡು ತಿಂಗಳು ಕಳೆಯಿತು. ಮೊದಲು ಊಟ ಸೇರದಾಯಿತು. ಬೇಸಿಗೆಯ ಸುಸ್ತು ಎಂದುಕೊಂಡೆವು. ಆಮೇಲೆ ಮೈ ತುರಿಕೆ. ನಂಜಾಗಿದೆ ಎಂದು ನಾವು ಮಾಡಿದ್ದೇನು ಗೊತ್ತೇ? ಕಷಾಯವನ್ನು ಇನ್ನೊಂದು ಹೊತ್ತು ಹೆಚ್ಚಿಸಿದೆವು! ಜುಲೈ ತಿಂಗಳ ಒಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ತಿರುಗಿದಾಗ ನೋಡುತ್ತೇವೆ, ಕಣ್ಣಿನ ಬಿಳಿಭಾಗ ಅರಿಸಿನ ಬಳಿದಂತಿತ್ತು.

ಹೊಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಬಿಲಿರುಬಿನ್ ಒಂದರ ಸುಮಾರಿಗೆ ಇರಬೇಕಾದದ್ದು ಹನ್ನೊಂದು ದಾಟಿತ್ತು. ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ. ಕಲ್ಲಿಲ್ಲ, ಗಡ್ಡೆಯಿಲ್ಲ. ವೈದ್ಯರು ಕೇಳಿದರು: ‘ಏನೇನು ಔಷಧಿ ತೆಗೆದುಕೊಳ್ಳುತ್ತೀರಿ?’ ಥೈರಾಯ್ಡ್ ಮಾತ್ರೆ ಬಿಟ್ಟರೆ ಏನೂ ಇಲ್ಲವೆಂದೆವು. ಮತ್ತೆ ಕೇಳಿದರು. ಅದೇ ಉತ್ತರ. ಮೂರನೆಯ ಸಲ ಆ ವೈದ್ಯರು ಕುರ್ಚಿ ಮುಂದಕ್ಕೆಳೆದು, ‘ಔಷಧಿ ಎನ್ನಬೇಡಿ. ಮನೆಯಲ್ಲಿ ಕಷಾಯ, ಪುಡಿ, ಲೇಹ್ಯ, ಬೇರು ಏನಾದರೂ?’ ಎಂದರು. ಆಗ ನಮ್ಮ ಮನೆಯವರು, ‘ಅದಾ? ಅಮೃತಬಳ್ಳಿ ಬಿಟ್ಟರೆ ಬೇರೇನಿಲ್ಲ’ ಎಂದರು.

ನೋಡಿ, ಅದು ನಮ್ಮ ಮನಸ್ಸಿನಲ್ಲಿ ಔಷಧಿಯ ಪಟ್ಟಿಯಲ್ಲಿಯೇ ಇರಲಿಲ್ಲ. ರೋಗ ತಡೆಯುವಷ್ಟು ಶಕ್ತಿ ಅದಕ್ಕಿದೆ ಎಂದು ನಂಬಿದ್ದೆವು, ಕೇಡು ಮಾಡುವಷ್ಟು ಶಕ್ತಿ ಇಲ್ಲವೆಂದೂ ನಂಬಿದ್ದೆವು. ಜಮೆ ಇದೆ, ಖರ್ಚಿಲ್ಲ ಎಂಬ ಲೆಕ್ಕದ ಪುಸ್ತಕವನ್ನು ಯಾವ ವ್ಯಾಪಾರಿಯಾದರೂ ಒಪ್ಪುತ್ತಾನೆಯೇ? ನಾವು ಒಪ್ಪಿಕೊಂಡಿದ್ದೆವು.

ಎಲ್ಲವನ್ನೂ ನಿಲ್ಲಿಸಿದರು. ಯಕೃತ್ತಿನ ಸಣ್ಣ ತುಣುಕು ತೆಗೆದು ಪರೀಕ್ಷಿಸಿದರು. ದೇಹದ ರಕ್ಷಣಾ ಶಕ್ತಿಯೇ ತನ್ನ ಯಕೃತ್ತಿನ ಮೇಲೆ ತಿರುಗಿ ಬಿದ್ದಂತೆ ಕಾಣುತ್ತಿದೆ ಎಂದರು. ಕಾವಲುಗಾರನನ್ನು ಅತಿಯಾಗಿ ಕೆರಳಿಸಿದರೆ ಮನೆಯವರನ್ನೇ ಹೊಡೆಯುತ್ತಾನೆ ಎಂದು ನಮಗೆ ಅರ್ಥವಾಗುವಂತೆ ವಿವರಿಸಿದರು. ಅದಕ್ಕೆ ತಕ್ಕ ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ ಕಣ್ಣು ತಿಳಿಯಾಯಿತು, ರಕ್ತದ ಲೆಕ್ಕ ಸರಿಯಾಯಿತು. ಜಿನೇಶ್ವರನ ದಯೆ ಎನ್ನುತ್ತೇವೆ. ಆ ವೈದ್ಯರು ಮೂರನೆಯ ಸಲ ಕೇಳಿದ್ದನ್ನೂ ನೆನೆಯುತ್ತೇವೆ.

ಅದೇ ತಿಂಗಳು, ಜುಲೈ 2021ರಲ್ಲಿ, ಮುಂಬಯಿಯ ವೈದ್ಯರ ವರದಿಯೊಂದು ಪತ್ರಿಕೆಗಳಲ್ಲಿ ಬಂದಿತ್ತು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಮೃತಬಳ್ಳಿ ಸೇವಿಸಿದ ಆರು ಮಂದಿಗೆ ಯಕೃತ್ತು ಕೆಟ್ಟದ್ದನ್ನು ಅವರು ನೋಡಿದ್ದರು. ಕೇಂದ್ರದ ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ. ಆ ರೋಗಿಗಳು ಸೇವಿಸಿದ ಗಿಡ ಯಾವುದೆಂದು ಸರಿಯಾಗಿ ಗುರುತಿಸಿಲ್ಲ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯೂ ಇರಬಹುದು ಎಂದಿತು. ಆಮೇಲೆ ದೇಶದ ಹದಿಮೂರು ಆಸ್ಪತ್ರೆಗಳ ವೈದ್ಯರು ಸೇರಿ ನಲವತ್ತಮೂರು ರೋಗಿಗಳ ಲೆಕ್ಕ ಕೊಟ್ಟರು. ಅದು 2022ರಲ್ಲಿ ಪ್ರಕಟವಾಯಿತು. ಸೇವಿಸಲು ಆರಂಭಿಸಿದ ಮೇಲೆ ತೊಂದರೆ ಕಾಣಿಸಿಕೊಳ್ಳಲು ಹಿಡಿದ ಕಾಲ, ಎಲ್ಲರದನ್ನೂ ಸಾಲಾಗಿ ಇಟ್ಟು ನಡುವಿನದನ್ನು ನೋಡಿದರೆ, 46 ದಿನ. ಮಂತ್ರಾಲಯ ಆ ವರ್ಷವೂ ಅಮೃತಬಳ್ಳಿ ಸುರಕ್ಷಿತವೆಂದೇ ಹೇಳಿತು.

ಈ ವಾದವನ್ನು ತೀರ್ಮಾನಿಸುವಷ್ಟು ವಿದ್ಯೆ ನಮಗಿಲ್ಲ. ಲಕ್ಷಾಂತರ ಜನ ಕುಡಿದರು, ಬಹುತೇಕರಿಗೆ ಏನೂ ಆಗಲಿಲ್ಲ ಎಂಬುದೂ ನಿಜ. ಆದರೆ ಅಂಗಡಿಯವನಾಗಿ ಒಂದು ಮಾತು ಹೇಳುತ್ತೇವೆ. ‘ಅದು ಬೇರೆ ಬಳ್ಳಿ ಇರಬಹುದು’ ಎಂಬುದು ನಮಗೆ ಸಮಾಧಾನದ ಮಾತಲ್ಲ. ಬಳ್ಳಿ ಯಾವುದೆಂದು ತಜ್ಞರೇ ಜಗಳವಾಡುವುದಾದರೆ, ಕಾಡಂಚಿನಿಂದ ಗೋಣಿಚೀಲದಲ್ಲಿ ಬಂದದ್ದನ್ನು ನೂರು ಗ್ರಾಂ ಪೊಟ್ಟಣ ಕಟ್ಟಿ ಕೊಟ್ಟ ನಮಗೆ ಅದು ಯಾವುದೆಂದು ಹೇಗೆ ತಿಳಿದಿರಲು ಸಾಧ್ಯ?

ಈಗ ಕಷ್ಟದ ವಿಷಯಕ್ಕೆ ಬರುತ್ತೇವೆ. ಇನ್ನೂರು ಮನೆಗೆ ಕೊಟ್ಟಿದ್ದೆವಲ್ಲ? ಮನೆಯವರು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ನಮ್ಮ ಮಗ, ‘ಅಪ್ಪಾಜಿ, ಉಳಿದವರಿಗೆ ಹೇಳಬೇಕಲ್ಲ’ ಎಂದ. ನಾವು ತಕ್ಷಣ ಉತ್ತರ ಕೊಡಲಿಲ್ಲ. ಅಂಗಡಿಯ ಹೆಸರು ಹೋಗುತ್ತದೆಂಬ ಭಯ. ದಾನ ಮಾಡಿದ್ದು, ಮಾರಿದ್ದಲ್ಲವಲ್ಲ ಎಂಬ ನೆಪ. ಎರಡು ರಾತ್ರಿ ನಿದ್ದೆಯಿಲ್ಲ. ಮೂರನೆಯ ದಿನ ದಾನದ ಪಟ್ಟಿ ಹಿಡಿದು ಹೊರಟೆವು.

ಕೆಲವರು ನಕ್ಕರು. ‘ಸಾಹುಕಾರ್ರೇ, ನಮಗೇನೂ ಆಗಿಲ್ಲ, ಇನ್ನೊಂದು ಪೊಟ್ಟಣ ಇದ್ದರೆ ಕೊಡಿ’ ಎಂದವರೂ ಇದ್ದರು. ಒಬ್ಬರು, ‘ಇಂಗ್ಲಿಷ್ ಡಾಕ್ಟರುಗಳು ನಿಮ್ಮನ್ನು ಹೆದರಿಸಿದ್ದಾರೆ’ ಎಂದು ಸಿಟ್ಟಾದರು. ಹಲವರು ಸುಮ್ಮನೆ ಡಬ್ಬಿ ತಂದು ಎದುರಿಗೇ ಸುರಿದರು. ಕೆಲಮಂಗಲದ ಕಡೆ ಒಂದು ಮನೆಯಲ್ಲಿ ವಯಸ್ಸಾದ ತಾಯಿ ಜೂನಿನಲ್ಲಿ ತೀರಿಕೊಂಡಿದ್ದರು. ಹೇಗೆ ಎಂದು ಕೇಳಿದೆವು. ‘ಕಾಮಾಲೆ ಆಗಿತ್ತು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ, ವಯಸ್ಸೂ ಆಗಿತ್ತಲ್ಲ’ ಎಂದ ಮಗ. ನಮ್ಮ ನಾಲಿಗೆ ಏಳಲಿಲ್ಲ. ನೀರು ಕುಡಿದು, ಬಂದ ವಿಷಯ ಹೇಳದೆ ಎದ್ದು ಬಂದೆವು.

ಒಂದು ವಾರದ ಮೇಲೆ ಮತ್ತೆ ಹೋದೆವು. ಈ ಸಲ ಹೇಳಿದೆವು. ಆತ ಬಹಳ ಹೊತ್ತು ನೆಲ ನೋಡುತ್ತ ಕುಳಿತ. ಆಮೇಲೆ, ‘ಅಮ್ಮ ಕುಡೀತಿದ್ದಳು, ಎಷ್ಟು ಅಂತ ಗೊತ್ತಿಲ್ಲ. ನನ್ನ ತಂಗಿಯ ಮನೆಗೂ ಅದರಲ್ಲೇ ಅರ್ಧ ಕೊಟ್ಟಿದ್ದೆವು. ಅವಳಿಗೆ ಈಗಲೇ ಫೋನ್ ಮಾಡುತ್ತೇನೆ’ ಎಂದು ಎದ್ದ. ಆ ತಾಯಿ ನಮ್ಮ ಪೊಟ್ಟಣದಿಂದ ಹೋದರೋ, ಬೇರೆ ಕಾರಣವೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಆ ಲೆಕ್ಕ ನಮ್ಮ ಪುಸ್ತಕದಲ್ಲಿ ತೆರೆದೇ ಇದೆ. ಮೊದಲ ಸಲ ಹೇಳದೆ ಬಂದ ಆ ಒಂದು ವಾರ ಮಾತ್ರ ಪೂರ್ತಿ ನಮ್ಮ ತಪ್ಪಿನದೇ.

ಅಂದಿನಿಂದ ವೈದ್ಯರನ್ನೂ ತಿಳಿದವರನ್ನೂ ಕೇಳಿ ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತೇವೆ. ಮೂಲಿಕೆಯಿಂದ ಕೇಡು ಬರುವ ದಾರಿ ಒಂದಲ್ಲ.

ಮೊದಲನೆಯದು ಹೆಸರಿನ ಗೊಂದಲ. ಬ್ರಾಹ್ಮಿ ಎಂದು ಕೇಳಿದರೆ ಕೆಲವರು ಒಂದೆಲಗ ಕೊಡುತ್ತಾರೆ, ಕೆಲವರು ನೀರುಬ್ರಾಹ್ಮಿ ಕೊಡುತ್ತಾರೆ. ಎರಡೂ ಬೇರೆ ಬೇರೆ ಗಿಡ. ಕಿರಾತಕಡ್ಡಿ ಕೇಳಿದವರಿಗೆ ನಮ್ಮ ದಕ್ಷಿಣದಲ್ಲಿ ನೆಲಬೇವು ಸಿಗುವುದು ಹೊಸದೇನಲ್ಲ. ಇವುಗಳಿಂದ ಪ್ರಾಣಾಪಾಯವಾಗದಿರಬಹುದು. ಆದರೆ 1990ರ ಸುಮಾರಿಗೆ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಚೀನಾದ ಮೂಲಿಕೆಯೊಂದರ ಬದಲು, ಹೆಸರಿನ ಹೋಲಿಕೆಯಿಂದ, ಅರಿಸ್ಟಲೋಕಿಯ ಜಾತಿಯ ಬೇರು ಸೇರಿಹೋಯಿತು. ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಹಲವರಿಗೆ ಡಯಾಲಿಸಿಸ್, ಮೂತ್ರಪಿಂಡ ಬದಲಾವಣೆಯೇ ಬೇಕಾಯಿತು. ಮುಂದೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಇದು ದೂರದ ಕಥೆಯೆಂದು ತಿಳಿಯಬೇಡಿ. ಅದೇ ಕುಲದ ಗಿಡಗಳು ನಮ್ಮಲ್ಲೂ ಇವೆ. ನಮ್ಮ ಈಶ್ವರಿ ಬೇರು ಒಂದು, ತಮಿಳಿನವರು ಆಡುತಿನ್ನಾಪಾಳೈ ಎನ್ನುವುದು ಇನ್ನೊಂದು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಗಾದೆ. ಆ ಆಡೂ ತಿನ್ನದ ಗಿಡವೆಂದು ಹಿರಿಯರು ಹೆಸರಿನಲ್ಲೇ ಎಚ್ಚರ ಬರೆದಿಟ್ಟಿದ್ದರು. ಅವೆರಡೂ ನಮ್ಮ ಅಂಗಡಿಯ ಡ್ರಾಯರಿನಲ್ಲಿ ಇದ್ದವು. ಈಗ ಇಲ್ಲ.

ಎರಡನೆಯದು ಬೆರಕೆ ಮತ್ತು ಲೋಹ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಭಾರತ ಮತ್ತು ನೆರೆಯ ದೇಶಗಳಲ್ಲಿ ತಯಾರಾದ 70 ಆಯುರ್ವೇದ ವಸ್ತುಗಳನ್ನು ಕೊಂಡು ಪರೀಕ್ಷೆ ಮಾಡಿದ ವರದಿ 2004ರಲ್ಲಿ ಪ್ರಕಟವಾಯಿತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅವು ಔಷಧಾಲಯಗಳಲ್ಲ, ನಮ್ಮಂಥ ಕಿರಾಣಿ ಅಂಗಡಿಗಳು. ಸೀಸ ನರಕ್ಕೂ ರಕ್ತಕ್ಕೂ ಕೆಟ್ಟದ್ದು, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು.

ಮೂರನೆಯದು ಪ್ರಮಾಣ. ಅರಿಸಿನ ನಮ್ಮ ಸಾರಿನಲ್ಲಿ ದಿನವೂ ಇದೆ, ಯಾರಿಗೂ ಏನೂ ಆಗಿಲ್ಲ. ಅದರ ಸತ್ತ್ವವಾದ ಕರ್ಕ್ಯುಮಿನ್ ಹಾಗೇ ತಿಂದರೆ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಕರಿಮೆಣಸಿನ ಸಾರ ಸೇರಿಸಿದರೆ ಮನುಷ್ಯರಲ್ಲಿ ಅದು ಇಪ್ಪತ್ತು ಪಟ್ಟು ಹೆಚ್ಚಾಗಿ ಸೇರುತ್ತದೆಂದು 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ ತೋರಿಸಿದರು. ಅದಾದ ಮೇಲೆ ಲೋಕದಲ್ಲೆಲ್ಲ ಅರಿಸಿನ-ಮೆಣಸಿನ ಸಾರದ ಕ್ಯಾಪ್ಸೂಲುಗಳು ಬಂದವು. ಅಂಥವನ್ನು ನುಂಗಿದ ಕೆಲವರಿಗೆ ಯಕೃತ್ತಿನ ಊತವಾದದ್ದರಿಂದ ಇಟಲಿಯ ಸರಕಾರ 2022ರಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆ ಬರೆಯಿಸಿತು. ಅಡಿಗೆಯ ಚಿಟಿಕೆ ಬೇರೆ, ಕ್ಯಾಪ್ಸೂಲಿನ ಸಾರ ಬೇರೆ.

ನಾಲ್ಕನೆಯದು ಮತ್ತೊಂದು ಮಾತ್ರೆಯ ಜೊತೆಗಿನ ಜಗಳ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಅದರ ಮೇಲೆ ಮಧುನಾಶಿನಿ, ಹಾಗಲದ ಸಾರವೆಂದು ಸೇರಿಸಿದರೆ ಸಕ್ಕರೆ ಅತಿಯಾಗಿ ಇಳಿದು ತಲೆ ತಿರುಗಿ ಬೀಳಬಹುದು. ಅತಿಮಧುರ ಗಂಟಲಿಗೆ ಹಿತ, ಆದರೆ ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಸೋನಾಮುಖಿ ಸೊಪ್ಪನ್ನು ತಿಂಗಳುಗಟ್ಟಲೆ ಭೇದಿಗೆ ತೆಗೆದುಕೊಂಡರೂ ಪೊಟ್ಯಾಸಿಯಂ ಹೋಗುತ್ತದೆ. ನಿರುಪದ್ರವಿ ಎನ್ನುವ ಇಸಬ್‌ಗೋಲನ್ನು ಕೂಡ ಬೇರೆ ಮಾತ್ರೆಯ ಜೊತೆಗೇ ಕುಡಿದರೆ ಆ ಮಾತ್ರೆ ಸರಿಯಾಗಿ ಮೈಗೆ ಹತ್ತದೆ ಹೋಗಬಹುದು. ನಡುವೆ ಕೆಲವು ಗಂಟೆ ಅಂತರ ಬೇಕು.

ಇಷ್ಟನ್ನು ಕೇಳಿ ಆಯುರ್ವೇದವನ್ನೇ ಬಿಡಿ ಎಂದು ನಾವು ಹೇಳಿದಂತೆ ಯಾರೂ ತಿಳಿಯಬಾರದು. ಆಯುರ್ವೇದವಾಗಲಿ ಸಿದ್ಧವಾಗಲಿ ಗಿಡಮೂಲಿಕೆಗೆ ಅಪಾಯವಿಲ್ಲ ಎಂದು ಹೇಳಿದ್ದೇ ಇಲ್ಲ. ಅದನ್ನು ಹೇಳಿದ್ದು ಜಾಹೀರಾತು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಜೈನ ಕವಿ ಮಂಗರಾಜ ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನೇ ಬರೆದ. ಹಾವು ಚೇಳುಗಳ ಜಂಗಮ ವಿಷದಂತೆಯೇ ಸ್ಥಾವರ ವಿಷವೂ ಉಂಟೆಂಬುದು ಆ ಕಾಲದವರಿಗೆ ಗೊತ್ತಿತ್ತು. ಇಂದಿಗೂ ಔಷಧ ಮತ್ತು ಪ್ರಸಾಧನ ಸಾಮಗ್ರಿ ನಿಯಮಗಳಲ್ಲಿ ಇ(1) ಎಂಬ ಅನುಸೂಚಿ ಇದೆ. ವತ್ಸನಾಭಿ, ದತ್ತೂರಿ, ಗುಲಗಂಜಿ ಮುಂತಾದ ವಿಷದ್ರವ್ಯಗಳು ಅದರಲ್ಲಿವೆ. ಇವು ಸೇರಿದ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂದು ಬರೆದಿರಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇತ್ಯಾದಿ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಕಾಯಿದೆ ಇದೆ, ಓದುವವರು ಬೇಕು.

ಇನ್ನೊಂದು ವ್ಯತ್ಯಾಸವನ್ನೂ ತಿಳಿದಿರಿ. ಕೆಲವು ಡಬ್ಬಿಗಳಿಗೆ ಆಯುರ್ವೇದ ಔಷಧಿಯ ಪರವಾನಗಿ ಇರುತ್ತದೆ. ಇನ್ನು ಕೆಲವಕ್ಕೆ ಇರುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆ ಮಾತ್ರ. ಅಂದರೆ ಅದು ಆಹಾರವೆಂದು ಮಾರುವ ವಸ್ತು, ರೋಗ ವಾಸಿಮಾಡುವ ಔಷಧಿಯೆಂದಲ್ಲ. ಮುಂದೆ ದಪ್ಪ ಅಕ್ಷರದಲ್ಲಿ ಹತ್ತು ಗುಣ ಹೇಳಿ, ಹಿಂದೆ ಇರುವೆಯಂಥ ಅಕ್ಷರದಲ್ಲಿ ‘ಔಷಧೀಯ ಬಳಕೆಗಲ್ಲ’ ಎಂದು ಬರೆದಿರುತ್ತಾರೆ. ಹಸಿರು ಚುಕ್ಕೆ ಹುಡುಕುವ ಕಣ್ಣಿಗೆ ಅದೂ ಕಾಣಿಸಬೇಕು.

ನಮ್ಮ ಅಂಗಡಿಯಲ್ಲಿ ಈಗ ಮಾಡಿರುವ ಏರ್ಪಾಡು ಇಷ್ಟು. ಮೂಲಿಕೆ ಕೇಳಿ ಬಂದವರನ್ನು ನಾಲ್ಕು ಪ್ರಶ್ನೆ ಕೇಳುತ್ತೇವೆ. ಯಾರಿಗೆ? ಯಾರು ಹೇಳಿದರು? ಎಷ್ಟು ದಿನಕ್ಕೆ? ಬೇರೆ ಮಾತ್ರೆ ಏನಿದೆ? ಬಸುರಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಎಳೆಯ ಮಕ್ಕಳಿಗೆ, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲ. ಯಾವ ಬೇರೆಂದು ನಮಗೇ ಖಾತರಿಯಿಲ್ಲದ್ದನ್ನು ಮಾರುವುದಿಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು ‘ಪ್ರತಿರೂಪಕ ವ್ಯವಹಾರ’, ಅಚೌರ್ಯಾಣುವ್ರತಕ್ಕೆ ದೋಷವೆಂದು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಲಿತಿದ್ದೆವು. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ ಎಂದಷ್ಟೇ ಅದರ ಅರ್ಥ ಎಂದುಕೊಂಡಿದ್ದೆವು. ತಿಳಿಯದ ಬಳ್ಳಿಯನ್ನು ತಿಳಿದವರಂತೆ ಕಟ್ಟಿಕೊಡುವುದೂ ಅದರಲ್ಲಿ ಸೇರುತ್ತದೆಂದು ಅರವತ್ತು ದಾಟಿದ ಮೇಲೆ ತಿಳಿಯಿತು. ವ್ಯಾಪಾರ ಸ್ವಲ್ಪ ಇಳಿದಿದೆ. ಇರಲಿ.

ತಾಯಂದಿರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಯಾರು ಯಾವ ಪುಡಿ, ಕಷಾಯ, ಮಾತ್ರೆ ತೆಗೆದುಕೊಳ್ಳುತ್ತಾರೆಂದು ಒಂದು ಹಾಳೆಯಲ್ಲಿ ಬರೆದಿಡಿ. ಆರಂಭಿಸಿದ ದಿನಾಂಕವನ್ನೂ ಬರೆಯಿರಿ. ವೈದ್ಯರ ಬಳಿ ಹೋಗುವಾಗ ಅದನ್ನು ಒಯ್ಯಿರಿ. ಅವರು ಮೂರು ಸಲ ಕೇಳುವವರೆಗೆ ಕಾಯಬೇಡಿ. ಶಸ್ತ್ರಚಿಕಿತ್ಸೆ ಇದ್ದರಂತೂ ಮೊದಲೇ ಹೇಳಿ, ಕೆಲವು ಮೂಲಿಕೆಗಳಿಂದ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಊಟ ಸೇರದಿರುವುದು, ಮೈ ತುರಿಕೆ, ಕಡು ಬಣ್ಣದ ಮೂತ್ರ, ಕಣ್ಣು ಹಳದಿ, ಇವುಗಳಲ್ಲಿ ಒಂದು ಕಂಡರೂ ಮೂಲಿಕೆಗಳನ್ನು ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣಿ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ. ಔಷಧಿಯಿಂದ ತೊಂದರೆಯಾದರೆ ತಿಳಿಸಲು ಕೇಂದ್ರದ 1800-180-3024 ಎಂಬ ಉಚಿತ ದೂರವಾಣಿ ಇದೆ. ತಿಳಿಸುವವರಿಲ್ಲದೆ ಹೋದರೆ ಲೆಕ್ಕ ಬರುವುದೆಲ್ಲಿಂದ?

ನಮ್ಮ ಮನೆಯವರು ಈಗ ಆರೋಗ್ಯವಾಗಿದ್ದಾರೆ. ಹಿತ್ತಿಲ ಬೇಲಿಯ ಬಳ್ಳಿಯನ್ನು ಕಿತ್ತುಹಾಕೋಣವೆಂದು ನಾವು ಹೊರಟಾಗ ಅವರೇ ತಡೆದರು. ‘ಅದರ ಪಾಡಿಗೆ ಅದು ಹಬ್ಬಿಕೊಂಡಿದೆ, ಅದೇನು ಮಾಡಿತು? ಲೆಕ್ಕವಿಲ್ಲದೆ ಕುಡಿದವರು ನಾವು’ ಎಂದರು. ಅದೂ ಒಂದು ಜೀವವೇ. ಬಳ್ಳಿ ಹಾಗೆಯೇ ಇದೆ. ಔಷಧ ದಾನವನ್ನೂ ನಾವು ಬಿಟ್ಟಿಲ್ಲ, ರೀತಿ ಬದಲಿಸಿದ್ದೇವೆ. ಪುಡಿಯ ಪೊಟ್ಟಣದ ಬದಲು, ವರ್ಷಕ್ಕೆ ಕೆಲವು ಬಡವರ ರಕ್ತ ಪರೀಕ್ಷೆಯ ಖರ್ಚನ್ನು ಅಂಗಡಿಯಿಂದ ಕೊಡುತ್ತೇವೆ. ಕೆಲಮಂಗಲದ ಆ ಮನೆಯ ಹೆಸರು ಪಟ್ಟಿಯಲ್ಲಿ ಮೊದಲನೆಯದು.

ಜಯ ಜಿನೇಂದ್ರ.